ಕಾಣೆಯಾದವರ ಕೇಸಿನಲ್ಲಿ ಗಂಡನ ಮೇಲೆ ಅನುಮಾನ ಬಂದರೆ, ಯಾವ ಸಾಕ್ಷ್ಯಕ್ಕೆ ಎಷ್ಟು ತೂಕ?

ನೀವು ಕೇಳಿದ್ದು ಇದು: ಪರಿಚಯದ ಹೆಣ್ಣುಮಗಳೊಬ್ಬರು ಐದು ತಿಂಗಳಿಂದ ಕಾಣೆ. ಗಂಡ ಒಂದು ಹನಿ ಕಣ್ಣೀರು ಹಾಕಲಿಲ್ಲ, ದಿನಕ್ಕೊಂದು ಮಾತಾಡುತ್ತಾನೆ, ಊರೆಲ್ಲ ಅವನ ಕಡೆಗೇ ಬೆರಳು ಮಾಡುತ್ತಿದೆ. ಶವ ಸಿಕ್ಕಿಲ್ಲ. ಕೇಸು ನಿಲ್ಲುತ್ತದಾ?

ನಾನು ಬೆಂಗಳೂರಿನಲ್ಲಿ ಕ್ರಿಮಿನಲ್ ವಕೀಲ, ಹೆಚ್ಚಾಗಿ ಆರೋಪಿಗಳ ಪರ ನಿಲ್ಲುವವನು. ಮೊದಲು ಆ ಕಣ್ಣೀರಿನ ವಿಷಯ ಬಿಟ್ಟುಬಿಡಿ. ಏನೂ ಮಾಡದವರು ಕಲ್ಲಿನ ಹಾಗೆ ಕೂತಿದ್ದನ್ನೂ ನೋಡಿದ್ದೇನೆ, ಎಲ್ಲ ಮಾಡಿದವರು ಬಿಕ್ಕಿ ಬಿಕ್ಕಿ ಅತ್ತಿದ್ದನ್ನೂ ನೋಡಿದ್ದೇನೆ. ಅದಕ್ಕೆ ತೂಕವೇ ಇಲ್ಲ. ಆದರೆ ದಿನಕ್ಕೊಂದು ಮಾತಾಡುತ್ತಾನೆ ಅಂದಿರಲ್ಲ, ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಯಾಕೆ ಅಂತ ಹೇಳೋಕೆ ನಮ್ಮೂರಿನದೇ ಒಂದು ಕೇಸಿದೆ. ಶಾಕೆರೆ ಖಲೀಲಿ, ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. 1986ರಲ್ಲಿ ಸ್ವಾಮಿ ಶ್ರದ್ಧಾನಂದ ಅಂತ ಕರೆಸಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರನನ್ನು ಎರಡನೇ ಮದುವೆಯಾದರು. ರಿಚ್ಮಂಡ್ ರಸ್ತೆಯ ದೊಡ್ಡ ಮನೆಯಲ್ಲಿ ಇಬ್ಬರೂ ಇದ್ದರು. ಶಾಕೆರೆ ಜೀವಂತವಾಗಿ ಕೊನೆಯದಾಗಿ ಕಂಡಿದ್ದು 1991ರ ಮೇ 28ಕ್ಕೆ. ಅವರ ಮಗಳು ಬೇರೆ ಊರಿನಿಂದ ಫೋನ್ ಮಾಡಿದಾಗಲೆಲ್ಲ ಶ್ರದ್ಧಾನಂದನಿಂದ ಒಂದೊಂದು ಉತ್ತರ. ಒಮ್ಮೆ ಹೈದರಾಬಾದಿಗೆ ಹೋಗಿದ್ದಾರೆ ಅಂದ. ಆಮೇಲೆ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿದ್ದಾರೆ ಅಂದ. ಮಗಳು ಸುಮ್ನೆ ಕೂರಲಿಲ್ಲ. ಆ ಆಸ್ಪತ್ರೆಗೇ ವಿಚಾರಿಸಿದಳು. ಅಂಥ ಹೆಸರಿನವರು ಬಂದೇ ಇಲ್ಲ ಅಂತ ಗೊತ್ತಾಯಿತು. ಮುಂದೊಂದು ದಿನ ಅವನ ಹತ್ತಿರವೇ ತಾಯಿಯ ಪಾಸ್‌ಪೋರ್ಟ್ ಕಣ್ಣಿಗೆ ಬಿತ್ತು. ಪಾಸ್‌ಪೋರ್ಟ್ ಇಲ್ಲಿದ್ದರೆ ಅಮ್ಮ ಅಮೆರಿಕಕ್ಕೆ ಹೋಗೋದು ಹೇಗೆ? ಆ ಹುಡುಗಿಯ ಛಲ ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ. 1992ರಲ್ಲಿ ಅಶೋಕನಗರ ಠಾಣೆಗೆ ದೂರು ಕೊಟ್ಟಿದ್ದೂ ಅವಳೇ.

ಸುಳ್ಳು ಹೇಳಿದ ಅಂದ ಮಾತ್ರಕ್ಕೆ ಕೊಂದ ಅಂತಲ್ಲ. ಗಂಡ ಹೆಂಡತಿ ಜಗಳವಾಡಿ, ಅವಳು ಮನೆ ಬಿಟ್ಟು ಹೋದ ಅವಮಾನಕ್ಕೂ ಸುಳ್ಳು ಹೇಳುವವರಿದ್ದಾರೆ. ಹಾಗಾಗಿ ಮುಂದಿನ ಪ್ರಶ್ನೆ ಕೇಳಬೇಕು: ಈ ಸುಳ್ಳಿನಿಂದ ಅವನಿಗೆ ಏನು ಸಿಗುತ್ತಿತ್ತು? ಶ್ರದ್ಧಾನಂದನ ಕೈಯಲ್ಲಿ ಹೆಂಡತಿ ಬರೆದುಕೊಟ್ಟ ಜಿಪಿಎ, ಅಂದರೆ ಅವರ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ, ಇತ್ತು. ಬರೆದುಕೊಟ್ಟವರು ಸತ್ತ ದಿನವೇ ಜಿಪಿಎ ಕೂಡ ಸಾಯುತ್ತದೆ, ಕಾನೂನು ಇರೋದೇ ಹಾಗೆ. ಅಂದರೆ ಆಸ್ತಿ ಮಾರಬೇಕಾದರೆ ಶಾಕೆರೆ ಎಲ್ಲೋ ಒಂದು ಕಡೆ ಬದುಕಿರಲೇಬೇಕು. ಅವನು ಅದೇ ಜಿಪಿಎ ಹಿಡಿದು ಆಸ್ತಿ ಮಾರುತ್ತಾ ಹೋದ. ಹೈದರಾಬಾದ್, ನ್ಯೂಯಾರ್ಕ್ ಕಥೆಗಳು ಯಾಕೆ ಬೇಕಿದ್ದವು ಅಂತ ಈಗ ಅರ್ಥವಾಗುತ್ತದೆ ಅಲ್ವಾ? ನನ್ನ ಪ್ರಕಾರ ಈ ಕೇಸಿನಲ್ಲಿ ಕಲಿಯೋಕೆ ಎಲ್ಲಕ್ಕಿಂತ ಜಾಸ್ತಿ ಇರೋದು ಇಲ್ಲೇ. ಸುಳ್ಳು, ಅದರಿಂದ ಸಿಕ್ಕ ಲಾಭ, ದಾಖಲೆಯ ತಾರೀಖು, ಈ ಮೂರೂ ಒಂದಕ್ಕೊಂದು ಕೂಡಿಕೊಂಡವು.

1994ರ ಮಾರ್ಚಿನಲ್ಲಿ ತನಿಖೆ ಬೆಂಗಳೂರು ಪೊಲೀಸರ ಕೇಂದ್ರ ಅಪರಾಧ ದಳ ಸಿಸಿಬಿಗೆ ಹೋಯಿತು. ಏಪ್ರಿಲ್ 30ರಂದು ಅವನು ತೋರಿಸಿದ ಜಾಗದಲ್ಲೇ, ಅದೇ ಮನೆಯ ಅಂಗಳದಲ್ಲಿ, ಅಗೆದಾಗ ಮರದ ಪೆಟ್ಟಿಗೆಯಲ್ಲಿ ಅಸ್ಥಿಪಂಜರ ಸಿಕ್ಕಿತು. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೆ ಅದು ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ಆ ಹೇಳಿಕೆಯಿಂದ ಹೊಸದೊಂದು ಸಂಗತಿ ಬೆಳಕಿಗೆ ಬಂದರೆ, ಅದಕ್ಕೆ ಸಂಬಂಧಿಸಿದಷ್ಟು ಭಾಗ ಮಾತ್ರ ನಿಲ್ಲುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಸೆಕ್ಷನ್ ಅಂದರೆ ಇದೇ, 2024ರ ಜುಲೈಯಿಂದ ಅದು ಹೊಸ ಕಾನೂನಿನ 23ನೇ ಸೆಕ್ಷನ್ನಿಗೆ ಸೇರಿದೆ. ಪೆಟ್ಟಿಗೆ ಮಾಡಿಸಿದ್ದು, ಗುಂಡಿ ತೋಡಿಸಿದ್ದು ಅವನೇ ಅಂತ ಸಾಕ್ಷಿಗಳು ಹೇಳಿದರು. ಅಸ್ಥಿಪಂಜರ ಯಾರದು ಅನ್ನೋದು ಡಿಎನ್‌ಎ ಪರೀಕ್ಷೆಯಿಂದ ಖಾತ್ರಿಯಾಯಿತು. ಕಣ್ಣಾರೆ ಕಂಡ ಸಾಕ್ಷಿ ಒಬ್ಬರೂ ಇರಲಿಲ್ಲ. ಆದರೂ ಶಿಕ್ಷೆಯಾಯಿತು. 2005ರಲ್ಲಿ ಗಲ್ಲು ಅಂತಾಗಿತ್ತು, 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದುಕಿರುವವರೆಗೂ ಜೈಲು ಅಂತ ಬದಲಿಸಿತು.

ಇದರ ಎದುರಿಗೆ 1984ರ ಶರದ್ ಬಿರ್ಧಿಚಂದ್ ಸಾರ್ಡಾ ಕೇಸನ್ನು ಇಡುತ್ತೇನೆ. ಅಲ್ಲೂ ಹೆಂಡತಿ ಸತ್ತಿದ್ದರು, ಅಲ್ಲೂ ಅನುಮಾನ ಗಂಡನ ಮೇಲೆ. ಸಾಂದರ್ಭಿಕ ಸಾಕ್ಷ್ಯವನ್ನು, ಅಂದರೆ ಕಣ್ಣಾರೆ ಕಂಡವರಿಲ್ಲದಾಗ ಸುತ್ತಲಿನ ಸಂಗತಿಗಳನ್ನು, ಹೇಗೆ ತೂಗಬೇಕು ಅಂತ ಸುಪ್ರೀಂ ಕೋರ್ಟ್ ಐದು ಸೂತ್ರ ಹೇಳಿದ್ದು ಆ ಕೇಸಿನಲ್ಲೇ, ಮತ್ತು ಗಂಡನನ್ನು ಬಿಡುಗಡೆ ಮಾಡಿತು. ಆ ಸೂತ್ರಗಳ ಸಾರ ಇಷ್ಟು: ಆರೋಪಿ ನಿರಪರಾಧಿ ಆಗಿದ್ದರೂ ಇದೆಲ್ಲ ಹೀಗೇ ಆಗಿರಬಹುದಿತ್ತಾ ಅಂತ ಸಾಕ್ಷ್ಯದ ಸರಪಳಿಯ ಪ್ರತಿಯೊಂದು ಕೊಂಡಿಗೂ ಕೇಳಬೇಕು. "ಆಗಿರಬಹುದಿತ್ತು" ಅನ್ನೋದಕ್ಕೆ ಜಾಗ ಉಳಿದರೆ ಸರಪಳಿ ಪೂರ್ತಿಯಾಗಿಲ್ಲ ಅಂತಲೇ ಅರ್ಥ. ಕೊನೆಗೆ ಅವನ ಜೊತೆಗೇ ಕಂಡಿದ್ದರು ಅನ್ನೋದೂ ಒಂಟಿಯಾಗಿ ಸಾಲುವುದಿಲ್ಲ.

ಶವ ಸಿಗದಿದ್ದರೆ ಕೊಲೆ ಕೇಸೇ ಇಲ್ಲ ಅನ್ನೋದು ತಪ್ಪು ತಿಳುವಳಿಕೆ. ಶವ ಸಿಗಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 1981ರಲ್ಲೇ ಹೇಳಿದೆ. ಆದರೆ ಸಾವಾಗಿದೆ ಅನ್ನೋದನ್ನು ಬೇರೆ ಗಟ್ಟಿ ಸಾಕ್ಷ್ಯದಿಂದ ತೋರಿಸಬೇಕು, ಅದು ಸುಲಭವಲ್ಲ. ಸುಳ್ಳುಪತ್ತೆ ಯಂತ್ರಕ್ಕೆ ಕೂರಿಸಿದರೆ ಗೊತ್ತಾಗಲ್ವಾ ಅಂತಲೂ ಕೇಳಿದ್ದೀರಿ. ಅವನು ಒಪ್ಪದಿದ್ದರೆ ಕೂರಿಸುವ ಹಾಗಿಲ್ಲ. 2010ರ ಸೆಲ್ವಿ ಕೇಸಿನಲ್ಲಿ ತೀರ್ಮಾನವಾಗಿದೆ, ಅದೂ ಕರ್ನಾಟಕದ್ದೇ ಕೇಸು. ಒಪ್ಪಿ ಕೂತರೂ ಬರುವ ಫಲಿತಾಂಶವೇ ಸಾಕ್ಷ್ಯ ಆಗುವುದಿಲ್ಲ.

ಈಗ ನೀವು ಮಾಡಬಹುದಾದ ಕೆಲಸ. ಅವನು ಯಾರಿಗೆ, ಯಾವತ್ತು, ಏನು ಹೇಳಿದ ಅನ್ನೋದನ್ನು ಕೇಳಿಸಿಕೊಂಡವರೇ ತಾರೀಖು ಹಾಕಿ ಬರೆದಿಡಲಿ. ವಾಟ್ಸಾಪ್ ಮೆಸೇಜು ಅಳಿಸಬೇಡಿ, ಆ ಫೋನನ್ನೂ ಮಾರಬೇಡಿ. ಆಕೆಯ ಹೆಸರಿನ ಆಸ್ತಿ ಇದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಸಿ (ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ತೆಗೆಸಿ, ಕಾಣೆಯಾದ ಮೇಲೆ ಏನಾದರೂ ಕೈಬದಲಾಗಿದೆಯಾ ನೋಡಿ. ಕಾಲ್ ವಿವರ, ಬ್ಯಾಂಕ್ ವ್ಯವಹಾರ ತರಿಸಿ ಅಂತ ತನಿಖಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅವರು ಅಲುಗಾಡದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಆಕೆಯನ್ನು ಹುಡುಕಿ ಕೋರ್ಟಿನ ಮುಂದೆ ತನ್ನಿ ಅನ್ನೋ ಅರ್ಜಿ, ಹಾಕಬಹುದು. ಅದಕ್ಕೆ ತಾಯಿ ತಂದೆ, ಅಣ್ಣ ತಮ್ಮ ಯಾರಾದರೂ ಮುಂದೆ ಬಂದರೆ ಒಳ್ಳೆಯದು. ಇಸಿಯಲ್ಲಿ ಏನು ಬಂತು ಅಂತ ಇಲ್ಲೇ ಬರೆಯಿರಿ, ಓದಿ ಹೇಳುತ್ತೇನೆ.