ಅತ್ತೆ ಹೊರಗೆ ಬರದಿದ್ದರೆ ಅದು ಬರೀ ಮೊಣಕಾಲಿನ ವಿಷಯವಲ್ಲ

ಡೊಂಬಿವಲಿಯ ಓದುಗರೊಬ್ಬರ ಪತ್ರದ ಸಾರ ಹೀಗಿದೆ: "ಮುಪ್ಪಿನಲ್ಲೂ ಆರೋಗ್ಯವಾಗಿರುವುದು ಹೇಗೆ ಅಂತ ವಿಶ್ವವಿದ್ಯಾಲಯಗಳು ನಡೆಸುವ ಸಂಶೋಧನೆಯ ಬಗ್ಗೆ ಹೋದ ಸಂಚಿಕೆಯಲ್ಲಿ ಓದಿದೆ. ಡಾಕ್ಟರು, ಎಂಜಿನಿಯರು, ಭಾಷೆ ಓದಿದವರು, ಅರ್ಥಶಾಸ್ತ್ರದವರು ಎಲ್ಲ ಒಟ್ಟಿಗೆ ಕೂತು ಹುಡುಕುವಂಥದ್ದು ಏನಿದೆ? ನಮ್ಮ ಅತ್ತೆಗೆ 82 ವರ್ಷ. ಹೋದ ಮಳೆಗಾಲದಲ್ಲಿ ಬಿಲ್ಡಿಂಗಿನ ಮೆಟ್ಟಿಲಲ್ಲಿ ಜಾರಿ ಬಿದ್ದರು. ಒಂದೇ ಕಡೆ ರೇಲಿಂಗ್, ಲಿಫ್ಟ್ ಇಲ್ಲ. ಮೂಳೆ ಮುರಿಯಲಿಲ್ಲ, ಆದರೆ ಅವತ್ತಿನಿಂದ ಮನೆ ಬಿಟ್ಟು ಹೊರಗೆ ಕಾಲಿಟ್ಟಿಲ್ಲ. ಮಾತೂ ಕಡಿಮೆ ಆಗಿದೆ. ಡಾಕ್ಟರನ್ನು ಕೇಳಿದರೆ ವಯಸ್ಸಾಯ್ತಲ್ಲ ಅಂತಾರೆ. ಇಷ್ಟು ದುಡ್ಡು ಸುರಿದ ಸಂಶೋಧನೆಯಿಂದ ಅವರಿಗೆ ಏನು ಸಿಕ್ಕಿತು?"

ನಿಮ್ಮ ಸಿಟ್ಟು ನ್ಯಾಯವಾದದ್ದೇ ಅಮ್ಮ. ಆದರೆ ಎಲ್ಲರೂ ಒಟ್ಟಿಗೆ ಯಾಕೆ ಕೂರಬೇಕು ಅನ್ನೋದಕ್ಕೆ ನಿಮ್ಮ ಪತ್ರದಲ್ಲೇ ಉತ್ತರ ಇದೆ. ಮೂಳೆ ಡಾಕ್ಟರ ಲೆಕ್ಕದಲ್ಲಿ ನಿಮ್ಮ ಅತ್ತೆ ಸರಿಯಾಗಿದ್ದಾರೆ, ಎಕ್ಸ್‌ರೇ ಚೆನ್ನಾಗಿದೆ. ಹಾಗಾದ್ರೆ ಅವರನ್ನು ಮನೆಯೊಳಗೆ ಕೂರಿಸಿರುವುದು ಯಾವುದು? ಮತ್ತೆ ಬಿದ್ದೇನು ಅನ್ನೋ ಹೆದರಿಕೆ. ಹೆದರಿಕೆಯಿಂದ ನಡೆಯೋದು ನಿಂತಿತು, ನಡೆಯದೆ ತೊಡೆಯ ಸ್ನಾಯು ಸಣ್ಣಗಾಯಿತು, ಸ್ನಾಯು ಸೋತರೆ ಬೀಳೋದು ಇನ್ನೂ ಜಾಸ್ತಿ. ಹೊರಗೆ ಹೋಗದಿದ್ದರೆ ಜನ ಸಿಗಲ್ಲ, ಜನ ಸಿಗದಿದ್ದರೆ ಮಾತು ಎಲ್ಲಿಂದ ಬರಬೇಕು? ಇದರಲ್ಲಿ ಮೆಟ್ಟಿಲೂ ಇದೆ, ಸ್ನಾಯುವೂ ಇದೆ, ಮನಸ್ಸೂ ಇದೆ. ಯಾವ ಒಬ್ಬ ಡಾಕ್ಟರ ಕೋಣೆಯಲ್ಲೂ ಇದಿಷ್ಟೂ ಒಟ್ಟಿಗೆ ಕಾಣಲ್ಲ.

ಮೆಟ್ಟಿಲಿನಿಂದಲೇ ಶುರು ಮಾಡುತ್ತೇನೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಅಲ್ಲಿನ ತರನಾಕಿ ಪ್ರದೇಶದಲ್ಲಿ 842 ಮನೆಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಿಗೆ ಬಡಗಿಗಳನ್ನು ಕಳಿಸಿದರು. ಮೆಟ್ಟಿಲಿಗೆ ರೇಲಿಂಗ್, ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳು, ಹೊರಗೆ ಒಳ್ಳೆ ಬೆಳಕು, ಜಾರದ ನೆಲ, ಅಷ್ಟೇ. ಔಷಧ ಇಲ್ಲ, ಉಪದೇಶ ಇಲ್ಲ. ಇನ್ನೊಂದು ಗುಂಪಿನವರಿಗೆ ಇದೇ ಕೆಲಸ ಮೂರು ವರ್ಷ ಬಿಟ್ಟು ಮಾಡಿಕೊಟ್ಟರು. ರಿಪೇರಿ ಆದ ಮನೆಗಳಲ್ಲಿ, ಬಿದ್ದು ಚಿಕಿತ್ಸೆ ತಗೊಳ್ಳಬೇಕಾದ ಪ್ರಸಂಗಗಳು ನೂರಕ್ಕೆ 26ರಷ್ಟು ಕಡಿಮೆ ಆದವು. 2014ರಲ್ಲಿ ಪ್ರಕಟವಾಯಿತು. ಬಡಗಿ ಕೆಲಸಕ್ಕೂ ಆಸ್ಪತ್ರೆ ಖರ್ಚಿಗೂ ಇಂಥ ಸಂಬಂಧ ಇದೆ ಅಂತ ಲೆಕ್ಕ ಹಾಕಿ ತೋರಿಸಿದರೆ ಮಾತ್ರ ಮುನಿಸಿಪಾಲಿಟಿಯೋ ಹೌಸಿಂಗ್ ಸೊಸೈಟಿಯೋ ಕಿವಿಗೊಡುತ್ತದೆ. ಅರ್ಥಶಾಸ್ತ್ರದವರು ಬೇಕಾಗುವುದು ಅಲ್ಲಿ.

ಇನ್ನು ಸ್ನಾಯು. "ವಯಸ್ಸಾಯ್ತಲ್ಲ" ಅನ್ನೋ ಮಾತು ನನಗೆ ಸುತರಾಂ ಒಪ್ಪಿಗೆಯಿಲ್ಲ. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ 86ರಿಂದ 96 ವರ್ಷದ ಹತ್ತು ಜನರಿಗೆ ಎಂಟು ವಾರ ತೊಡೆಗೆ ಭಾರ ಎತ್ತಿಸುವ ವ್ಯಾಯಾಮ ಮಾಡಿಸಿದರು. ಒಂಬತ್ತು ಜನ ಪೂರ್ತಿ ಮಾಡಿದರು, ಅವರ ಕಾಲಿನ ಶಕ್ತಿ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು. ಹತ್ತೇ ಜನ, ಚಿಕ್ಕ ಪ್ರಯೋಗ, ನಿಜ. ಆದರೆ ತೊಂಬತ್ತರ ಸ್ನಾಯುವೂ ಕಲಿಯುತ್ತೆ ಅಂತ ಅದು ತೋರಿಸಿತು, ಆಮೇಲೆ ಬಂದ ದೊಡ್ಡ ಪ್ರಯೋಗಗಳೂ ಅದನ್ನೇ ಹೇಳಿವೆ. ನಿಮ್ಮ ಅತ್ತೆಗೆ ಇನ್ನೂ 82.

ಇದೆಲ್ಲ ಹೊರದೇಶದ್ದು ಅಂತೀರಾ? ನಮ್ಮ ಮುಂಬಯಿಯಲ್ಲೇ, ಗೋವಂಡಿ ಸ್ಟೇಷನ್ನಿನ ಹತ್ತಿರ ದೇವನಾರದಲ್ಲಿ, ಜನಸಂಖ್ಯಾ ವಿಜ್ಞಾನದ ಅಂತಾರಾಷ್ಟ್ರೀಯ ಸಂಸ್ಥೆ ಇದೆ. ದೇಶದ ಮುಪ್ಪಿನ ಅತಿ ದೊಡ್ಡ ಅಧ್ಯಯನ 'ಲಾಸಿ' ನಡೆಯುವುದು ಅಲ್ಲಿಂದಲೇ. ಹಾರ್ವರ್ಡ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳೂ ಜೊತೆಗಿವೆ. 2017-18ರ ಮೊದಲ ಸುತ್ತಿನಲ್ಲಿ 45 ದಾಟಿದವರು, ಅವರ ಗಂಡ ಅಥವಾ ಹೆಂಡತಿ ಸೇರಿ ಸುಮಾರು 72,000 ಜನರನ್ನು ಮನೆಗೇ ಹೋಗಿ ಮಾತಾಡಿಸಿದರು. ಬಿಪಿ ನೋಡಿದರು, ಒಂದು ಉಪಕರಣವನ್ನು ಕೈಗೆ ಕೊಟ್ಟು ಬಲವಾಗಿ ಹಿಚುಕಿ ಅಂದರು, ನಡಿಗೆಯ ವೇಗ ಅಳೆದರು. ಜೊತೆಗೆ ಪಿಂಚಣಿ ಬರುತ್ತಾ, ಮನೆಯಲ್ಲಿ ಯಾರಿದ್ದಾರೆ, ಬೇಜಾರು ಎಷ್ಟು ಅಂತಲೂ ಕೇಳಿದರು. ಕೈ ಹಿಚುಕಿ ಏನು ಗೊತ್ತಾಗುತ್ತೆ ಅನ್ನಬೇಡಿ. 17 ದೇಶಗಳ ಸುಮಾರು 1.4 ಲಕ್ಷ ಜನರ ಮೇಲೆ ನಡೆದು 2015ರಲ್ಲಿ ಬಂದ ಅಧ್ಯಯನದಲ್ಲಿ, ಸಾವಿನ ಮುನ್ಸೂಚನೆಯನ್ನು ಬಿಪಿಯ ಮೇಲಿನ ಅಂಕಿಗಿಂತ ಕೈಹಿಡಿತವೇ ಚೆನ್ನಾಗಿ ಕೊಟ್ಟಿತು.

ಭಾಷೆಯವರಿಗೆ ಏನು ಕೆಲಸ ಅಂತ ಕೇಳಿದ್ದೀರಿ. ಮುಂಬಯಿ ಕನ್ನಡಿಗರಿಗೆ ಇದು ತುಂಬಾ ಹತ್ತಿರದ್ದು, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಮರೆವಿನ ಕಾಯಿಲೆ ಇದೆಯಾ ಅಂತ ನೋಡಲು ಲೋಕವೆಲ್ಲ ಬಳಸುವ ಒಂದು ಪರೀಕ್ಷೆಯಲ್ಲಿ ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ, ಈ ಚಿತ್ರ ನೋಡಿ ಬಿಡಿಸಿ ಅಂತ ಕೇಳುತ್ತಾರೆ. ಶಾಲೆಯ ಮುಖವನ್ನೇ ನೋಡದ ನಮ್ಮ ಅಜ್ಜಿಯಂದಿರು ಇದರಲ್ಲಿ ಪಾಸಾಗೋದು ಹೇಗೆ? ಇಡೀ ಸಂಸಾರದ ಲೆಕ್ಕ ಬಾಯಲ್ಲೇ ಇಟ್ಟವರು ಕಾಗದದ ಮೇಲೆ ರೋಗಿ ಆಗಿಬಿಡುತ್ತಾರೆ. ಅದಕ್ಕೇ 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಓದುಬರಹ ಬಾರದವರಿಗೂ ಹೊಂದುವಂತೆ ಹಿಂದಿಯಲ್ಲಿ ಪರೀಕ್ಷೆಯನ್ನೇ ಬದಲಿಸಿದರು. ಈಗ ಊರಲ್ಲಿ ತುಳು, ಮನೆಯಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ಮರಾಠಿ ಆಡುವ ಒಬ್ಬ ಅಜ್ಜಿಯನ್ನು ಕೂರಿಸಿ ಇಂಗ್ಲಿಷ್ ಛಾಯೆಯ ಹಿಂದಿಯಲ್ಲಿ ಇವತ್ತು ಯಾವ ವಾರ ಅಂತ ಕೇಳಿದರೆ, ತಪ್ಪಿದ್ದು ನೆನಪೋ ಭಾಷೆಯೋ ಅಂತ ಯಾರು ಹೇಳಬೇಕು?

ಆ ಹಲವು ಭಾಷೆಗಳೇ ಆಕೆಗೆ ಕಾವಲೂ ಆಗಿರಬಹುದು. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. ಭಾಷೆಯಿಂದಲೇ ಹೀಗಾಯಿತು ಅಂತ ಖಡಾಖಂಡಿತವಾಗಿ ಹೇಳಲು ಇದೊಂದೇ ಸಾಲದು. ಆದರೆ ನರರೋಗದ ಡಾಕ್ಟರೂ ಭಾಷೆ ಬಲ್ಲವರೂ ಸೇರದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ನಿಮ್ಮ ಸಿಟ್ಟು ನ್ಯಾಯ ಅಂದೆನಲ್ಲ, ಯಾಕೆ ಗೊತ್ತಾ? ಇಷ್ಟೆಲ್ಲ ಗೊತ್ತಿದ್ದೂ ನಿಮ್ಮ ಮೆಟ್ಟಿಲನ್ನು ಏನೂ ಏರಿ ಬಂದಿಲ್ಲ. ವರದಿ ಇಂಗ್ಲಿಷಿನಲ್ಲಿ, ಚರ್ಚೆ ಹೋಟೆಲ್ ಹಾಲ್‌ಗಳಲ್ಲಿ. ಜನರ ದುಡ್ಡಿನಿಂದ, ಜನರ ಮನೆಗೇ ಹೋಗಿ ಕಲೆಹಾಕಿದ್ದನ್ನು ಜನರ ಭಾಷೆಯಲ್ಲಿ ಹಿಂದಿರುಗಿಸಬೇಕಾದ್ದು ವಿಶ್ವವಿದ್ಯಾಲಯಗಳ ಕರ್ತವ್ಯ. ಇದನ್ನು ನಾನು ಬರೆಯುತ್ತಲೇ ಇರುತ್ತೇನೆ.

ಸದ್ಯಕ್ಕೆ ನಿಮ್ಮ ಕೈಯಲ್ಲಿ ಆಗುವುದು ಹೇಳುತ್ತೇನೆ. ಮೊದಲು ಅತ್ತೆಯ ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಮಾತು ಕಡಿಮೆ ಆಗಿರುವುದು ಕೇಳಿಸದೆಯೂ ಇರಬಹುದು. ಕಿವಿ ಮಂದವಾಗುವುದು, ಕಣ್ಣಿನ ತೊಂದರೆಗೆ ಚಿಕಿತ್ಸೆ ಸಿಗದಿರುವುದು, ಒಂಟಿತನ ಇವೆಲ್ಲ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಹೆಸರಿಸಿದ, ಡಿಮೆನ್ಶಿಯಾದ ಅಪಾಯ ಹೆಚ್ಚಿಸುವ ಆದರೆ ಸರಿಪಡಿಸಬಹುದಾದ 14 ಕಾರಣಗಳಲ್ಲಿ ಸೇರಿವೆ. ಫಿಸಿಯೋಥೆರಪಿಯವರನ್ನು ಮನೆಗೇ ಕರೆಸಿ, ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ ಎಷ್ಟು ಮಾಡಿಸಬಹುದು ಅಂತ ಕೇಳಿ, ಸುಮ್ನೆ ನೀವೇ ಶುರು ಮಾಡಬೇಡಿ. ಮೆಟ್ಟಿಲಿನ ಇನ್ನೊಂದು ಕಡೆಗೂ ರೇಲಿಂಗ್, ತಿರುವಿನಲ್ಲಿ ಒಂದು ದೀಪ ಬೇಕು ಅಂತ ಸೊಸೈಟಿಗೆ ಅರ್ಜಿ ಕೊಡಿ. ಮರಾಠಿಯಲ್ಲಿ ಬರೆಯಲು ತೊಂದರೆಯಾದರೆ ವಿವರ ಕಳಿಸಿ, ಅರ್ಜಿಯನ್ನು ನಮ್ಮ ಕಚೇರಿಯಲ್ಲೇ ಬರೆದು ಕೊಡುತ್ತೇವೆ.

ಸಂಪಾದಕ