ನೌಕರಿ ಕೊಡಿಸುತ್ತೇನೆಂದು ಬಾಂಡ್ ಬರೆದುಕೊಟ್ಟವನ ಮೇಲೆ ವಸೂಲಿ ದಾವೆ ನಿಲ್ಲುತ್ತದೆಯೇ?

ಸಿರುಗುಪ್ಪದಿಂದ ಬರೆದಿದ್ದೀರಿ. ತಮ್ಮನಿಗೆ ಸರ್ಕಾರಿ ನೌಕರಿ ಕೊಡಿಸುತ್ತೇನೆಂದು ಒಬ್ಬ ಆರು ಲಕ್ಷ ತಗೊಂಡು ಬಾಂಡ್ ಬರೆದುಕೊಟ್ಟ, ಚೆಕ್ಕೂ ಕೊಟ್ಟ. ನೌಕರಿ ಸಿಗಲಿಲ್ಲ, ಚೆಕ್ ಬೌನ್ಸ್. ದಾವೆ ಹಾಕಿ ವಸೂಲು ಮಾಡಬಹುದೇ ಅಂತ ಕೇಳಿದ್ದೀರಿ. ಬಳ್ಳಾರಿ ಕೋರ್ಟಿನಲ್ಲಿ ವಕೀಲಿ ಮಾಡುವವನು ನಾನು. ಆ ಬಾಂಡನ್ನು ನೆಚ್ಚಿಕೊಂಡು ಹಾಕಿದರೆ ನಿಲ್ಲುವುದಿಲ್ಲ.

1872ರ ಕರಾರು ಕಾಯ್ದೆಯ 23ನೇ ಕಲಮಿನ ಕೆಳಗೆ ನಿಮ್ಮ ವ್ಯವಹಾರವೇ ಉದಾಹರಣೆಯಾಗಿದೆ: ಒಬ್ಬ ಸರ್ಕಾರಿ ನೌಕರಿ ಕೊಡಿಸುವುದಾಗಿ, ಇನ್ನೊಬ್ಬ ಅದಕ್ಕೆ ಸಾವಿರ ರೂಪಾಯಿ ಕೊಡುವುದಾಗಿ ಒಪ್ಪಿದರೆ ಆ ಒಪ್ಪಂದ ಶೂನ್ಯ. ಆಗಲೂ ಈ ದಂಧೆ ಇತ್ತು ಅಂತಾಯ್ತು. ರೇಟು ಮಾತ್ರ ಏರಿದೆ.

"ನೌಕರಿ ಕೊಡಿಸದಿದ್ದಲ್ಲಿ ಸದರಿ ಹಣವನ್ನು ವಾಪಸ್ ಕೊಡುತ್ತೇನೆ" ಎಂದು ಬಾಂಡಿನಲ್ಲಿದೆಯಲ್ಲ, ಅದೇ ನಿಮ್ಮ ಬಲ ಅಂದುಕೊಂಡಿದ್ದೀರಿ. ದುಡ್ಡು ಯಾತಕ್ಕೆ ಕೊಟ್ಟಿರಿ ಎಂದು ಹೇಳಿಬಿಡುವ ಸಾಲೂ ಅದೇ. ನೋಟರಿ ಸೀಲು ಬಿದ್ದಿದ್ದರೂ ಅಷ್ಟೆ. ಚೆಕ್ ಬೌನ್ಸಿಗೆ 138ನೇ ಕಲಮಿನ ಕೆಳಗೆ ಹಾಕುವ ಕ್ರಿಮಿನಲ್ ಕೇಸಿಗೂ ಕಾನೂನುಬದ್ಧವಾಗಿ ವಸೂಲಾಗಬಲ್ಲ ಸಾಲ ಇರಬೇಕು. ಸಹಿ ಒಪ್ಪಿಕೊಂಡರೆ ಸಾಲ ಇತ್ತೆಂದೇ ಕೋರ್ಟು ಹಿಡಿಯುತ್ತದೆ, ನಿಜ. ಆದರೆ ಅವನ ವಕೀಲರು ಪಾಟೀ ಸವಾಲಿನಲ್ಲಿ ಆ ಬಾಂಡನ್ನು ನಿಮ್ಮ ಕೈಗೇ ಕೊಟ್ಟು ಓದಿಸಿದರೆ ಮುಗಿಯಿತು. ಕೈಗಡ ಅಂತ ಹಾಕೋಣ ಅನ್ನುವವರೂ ಸಿಗುತ್ತಾರೆ. ಬೇಡ. ಸುಳ್ಳು ಪ್ರಮಾಣದ ಕೇಸು ನಿಮ್ಮ ಮೇಲೇ ತಿರುಗುತ್ತದೆ.

ಕರಾರು ಶೂನ್ಯ ಅಂತ ಆಮೇಲೆ ಗೊತ್ತಾದರೆ ಪಡೆದದ್ದನ್ನು ಮರಳಿಸಬೇಕು ಅನ್ನುತ್ತದೆ 65ನೇ ಕಲಮು. ಮೊದಲೇ ಗೊತ್ತಿದ್ದವರಿಗೆ ಅದು ಸಿಗದು. 1974ರ ಕುಜು ಕೊಲಿಯರೀಸ್ ಪ್ರಕರಣದಲ್ಲಿ, ಕಾನೂನಿಗೆ ವಿರುದ್ಧವಾದ ಗಣಿ ಲೀಸಿಗೆ ಕೊಟ್ಟ ದುಡ್ಡು ವಾಪಸ್ ಕೇಳಿದ ಕಂಪನಿಗೆ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಗಣಿ ದಂಧೆಯವರಿಗೆ ಗಣಿ ಕಾನೂನು ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ಸಂಡೂರಿನವರಿಗಂತೂ ಬಿಡಿಸಿ ಹೇಳಬೇಕಿಲ್ಲ.

ಒಂದು ಸಣ್ಣ ಕಿಂಡಿ ಇದೆ. ಇಬ್ಬರ ತಪ್ಪೂ ಸಮನಲ್ಲದಿದ್ದರೆ, ಅಥವಾ ಅಕ್ರಮ ಉದ್ದೇಶ ಇನ್ನೂ ನೆರವೇರಿರದಿದ್ದರೆ ದುಡ್ಡು ಕೇಳಬಹುದು ಎಂದು ಸೀತಾರಾಮ್–ರಾಧಾಬಾಯಿ ಪ್ರಕರಣದಲ್ಲಿ 1968ರ ತೀರ್ಪಿದೆ. ಅವನಿಗೆ ಯಾವ ಅಧಿಕಾರಿಯೂ ಗೊತ್ತಿರಲಿಲ್ಲ, ಮೊದಲಿನಿಂದಲೂ ಟೋಪಿ ಹಾಕುವ ಲೆಕ್ಕವೇ ಇತ್ತು ಅಂತ ತೋರಿಸಲು ಸಾಕ್ಷಿ ಇದ್ದರೆ ಇಲ್ಲಿ ವಾದ ಮಾಡಬಹುದು, ಗ್ಯಾರಂಟಿ ಇಲ್ಲ.

ಅದೇ ಸಾಕ್ಷಿ ಇಟ್ಟುಕೊಂಡು ನಾನಾದರೆ ಮೊದಲು ವಂಚನೆಯ ದೂರು ಕೊಡಿಸುತ್ತೇನೆ: 2024ರ ಜುಲೈ 1ಕ್ಕೆ ಮುಂಚಿನದಾದರೆ ಐಪಿಸಿ 420, ಆಮೇಲಿನದಾದರೆ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 318(4). ಕೋರ್ಟಿನ ಅನುಮತಿ ಪಡೆದು ರಾಜಿಯಾಗಬಹುದಾದ ಕೇಸು ಇದು. ದುಡ್ಡು ಬರುವುದಿದ್ದರೆ ಹೆಚ್ಚಾಗಿ ಆ ಹಂತದಲ್ಲೇ ಬರುತ್ತದೆ. ಆದರೆ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ನೇರವಾಗಿ ಅಪರಾಧ. ಹಾಗಾಗಿ ಠಾಣೆಗೆ ಹೋಗುವ ಮುಂಚೆ ಬಾಂಡು, ಬ್ಯಾಂಕಿನ ಮೆಮೊ, ಫೋನಿನ ಮೆಸೇಜು ಎಲ್ಲ ತಗೊಂಡು ಕ್ರಿಮಿನಲ್ ಕಡೆಯ ವಕೀಲರೊಬ್ಬರಿಗೆ ತೋರಿಸಿ. ಹೊಸ ಬಾಂಡ್ ಬರೆದುಕೊಡುತ್ತೇನೆ ಅಂತ ಅವನು ಎಷ್ಟೇ ಗೋಗರೆದರೂ ಹಳೆಯದರ ಮೂಲ ಪ್ರತಿ ಕೈಬಿಡಬೇಡಿ.