ಅಕ್ಕನ ಹತ್ರ ಕೇಳಿ: “ನಿನ್ ದೇವ್ರು ಬಂದು ಕಂತು ಕಟ್ತಾನಾ?”

ಪ್ರಶ್ನೆ: ಅಕ್ಕಾ ನಮಸ್ಕಾರ, ನಮ್ದು ತೀರ್ಥಹಳ್ಳಿ ಹತ್ರ ಒಂದ್ ಹಳ್ಳಿ. ಯಜಮಾನ್ರು ಹೋಗಿ ಎರಡು ವರ್ಷ ಆಯ್ತು, ಅರ್ಧ ಎಕರೆ ಅಡಿಕೆ ತೋಟ ಇದೆ, ಹೋದ ಮಳೆಗಾಲ ಕೊಳೆ ಬಂದು ಕಾಯೆಲ್ಲ ಉದುರಿ ಹೋಯ್ತು, ಈಗ ಎಲೆಚುಕ್ಕಿ ಬೇರೆ. ಇವ್ರಿದ್ದಾಗ ಫೈನಾನ್ಸಲ್ಲಿ ಸಾಲ ಮಾಡಿದ್ರು. ಕಂತು ತಪ್ಪಿದ್ಮೇಲೆ ವಸೂಲಿಯೋರು ಬೈಕಲ್ಲಿ ಬಂದು ಅಂಗಳದಲ್ಲಿ ನಿಂತು ಅಕ್ಕಪಕ್ಕದೋರಿಗೆಲ್ಲ ಕೇಳೋ ಹಾಗೆ ಕೂಗ್ತಾರೆ. ಒಂದ್ಸಲ ಹೆದ್ರಿ ಕಿವಿ ಓಲೆ ಅಡ ಇಟ್ಟು ಕೊಟ್ಟೆ, ಆದ್ರೂ ಮುಂದಿನ ವಾರನೇ ಬಂದ್ರು. ನಾವು ಕ್ರೈಸ್ತರು, ಗೋಡೆ ಮೇಲಿನ ಶಿಲುಬೆ ನೋಡಿ ಒಬ್ಬ “ನಿನ್ ದೇವ್ರು ಬಂದು ಕಂತು ಕಟ್ತಾನಾ, ಎಂಥೆಂಥೋರ ತೋಟನೇ ಹೋಗಿದೆ, ನಿಂದ್ಯಾವ ಲೆಕ್ಕ” ಅಂದ. ಅವತ್ತಿಂದ ಪ್ರಾರ್ಥನೆಗೆ ಕೂತ್ರೆ ಅವನ ಮಾತೇ ಕಿವೀಲಿ ಕೇಳುತ್ತೆ. ನಂಗೆ ನಂಬಿಕೆ ಕಮ್ಮಿ ಆಯ್ತಾ ಅಕ್ಕಾ?

ಉತ್ತರ: ತಂಗೀ, ನಿಮ್ ಕಾಗದ ಎರಡ್ಸಲ ಓದ್ದೆ, ಓಲೆ ವಿಷ್ಯ ಓದಿ ಕಣ್ಣಲ್ಲಿ ನೀರು ಬಂತು.

ಅವನು ಹೇಳಿದ ಮಾತು ಹೊಸದೇನಲ್ಲ. ಕ್ರಿ.ಪೂ. 701ರಲ್ಲಿ ಅಶ್ಶೂರದ ರಾಜ ಸನ್ಹೇರೀಬ ಯೆಹೂದದ ಮೇಲೆ ಬಿದ್ದಾಗ ಅವನ ಅಧಿಕಾರಿ ರಬ್ಷಾಕೆ ಅಲ್ಲಿನ ರಾಜಧಾನಿ ಯೆರೂಸಲೇಮಿನ ಗೋಡೆ ಕೆಳಗೆ ನಿಂತು ಹೆಚ್ಚುಕಮ್ಮಿ ಇದನ್ನೇ ಕೂಗಿದ್ದ, ಬೇರೆ ದೇಶದ ದೇವರುಗಳು ಯಾರನ್ನ ಉಳಿಸಿದ್ವು, ನಿಮ್ ದೇವ್ರು ಉಳಿಸ್ತಾನಾ ಅಂತ. ಎರಡು ಸಾವಿರ ಕುದುರೆ ಕೊಡ್ತೀನಿ, ಹತ್ತೋಕೆ ನಿಮ್ಮಲ್ಲಿ ಜನ ಇದ್ದಾರಾ ಅಂತ ಹಂಗಿಸಿದ. ಯೆಹೂದದ ರಾಜನ ಕಡೆಯೋರು ದಯವಿಟ್ಟು ಅರಾಮ್ಯ ಭಾಷೇಲಿ ಮಾತಾಡಿ, ಗೋಡೆ ಮೇಲಿರೋ ಜನಕ್ಕೆ ಕೇಳುತ್ತೆ ಅಂದ್ರೆ ಅವನು ಬೇಕಂತ್ಲೇ ಜನರ ಭಾಷೇಲೇ ಗಟ್ಟಿಯಾಗಿ ಕೂಗಿದ. ಅಂಗಳದಲ್ಲಿ ನಿಂತು ಅಕ್ಕಪಕ್ಕದೋರಿಗೆ ಕೇಳಿಸೋದು ಅಂದ್ರೆ ಇದೇ ತಾನೇ.

ನೀವು ಗಮನಿಸ್ಬೇಕಾದ್ದು ಯೆಹೂದದ ಆ ರಾಜ ಹಿಜ್ಕೀಯನ್ನ. ಅವನೂ ಮೊದ್ಲು ಹೆದ್ರಿ ಕೊಟ್ಟಿದ್ದ, 300 ತಲಾಂತು (ಆಗಿನ ಕಾಲದ ಒಂದು ದೊಡ್ಡ ತೂಕ) ಬೆಳ್ಳಿ, 30 ತಲಾಂತು ಚಿನ್ನ, ದೇವಾಲಯದ ಬಾಗಿಲಿನ ಚಿನ್ನ ಕೂಡ ಕಿತ್ತು ಕೊಟ್ಟ, ಆದ್ರೂ ಸೈನ್ಯ ಬಂತು. ಹಾಗಾಗಿ ಓಲೆ ಕೊಟ್ಟಿದ್ದಕ್ಕೆ ನಿಮ್ಮನ್ನ ನೀವು ಬೈಕೋಬೇಡಿ. ರಬ್ಷಾಕೆ ಮಾತು ಕೇಳಿ ಹಿಜ್ಕೀಯ ಬಟ್ಟೆ ಹರ್ಕೊಂಡ, ಗೋಣಿತಟ್ಟು ಸುತ್ಕೊಂಡ, ಹೆರಿಗೆ ಹೊತ್ತು ಬಂದಿದೆ ಹೆರೋಕೆ ಶಕ್ತಿ ಇಲ್ಲ ಅಂತ ಪ್ರವಾದಿ ಯೆಶಾಯನಿಗೆ ಹೇಳಿ ಕಳ್ಸಿದ. ದೇವರ ಮೇಲೆ ಭರವಸೆ ಇಟ್ಟಿದ್ರಲ್ಲಿ ಅವನಂಥ ರಾಜ ಯೆಹೂದದಲ್ಲಿ ಇರ್ಲಿಲ್ಲ ಅಂತ ಬೈಬಲ್ ಹೇಳೋದು ಇದೇ ಮನುಷ್ಯನ ಬಗ್ಗೆ, ಹೆದರಿಕೆ ಆದ ಕೂಡ್ಲೆ ನಂಬಿಕೆ ಹೋಯ್ತು ಅಂತ ನಿಮಗ್ಯಾರು ಹೇಳಿದ್ದು?

ಆಮೇಲೆ ಬೆದರಿಕೆ ಪತ್ರ ಬಂದಾಗ ಅದನ್ನ ದೇವಾಲಯಕ್ಕೆ ತಗೊಂಡು ಹೋಗಿ ದೇವರ ಮುಂದೆ ಹರಡಿದ. ಅವನ ಪ್ರಾರ್ಥನೇಲಿ ನಂಗೆ ತುಂಬಾ ಹಿಡಿಸೋದು ಏನಂದ್ರೆ, ಅಶ್ಶೂರದೋರು ಎಷ್ಟೋ ದೇಶ ಹಾಳು ಮಾಡಿರೋದು ನಿಜ ಸ್ವಾಮಿ ಅಂತ ಒಪ್ಕೊಳ್ತಾನೆ, ಮುಚ್ಚಿಡಲ್ಲ. ನೀವೂ ಹಾಗೇ ಮಾಡಿ, ಇವತ್ತು ರಾತ್ರಿ ಆ ನೋಟಿಸು, ಕಂತಿನ ಪುಸ್ತಕ ಎಲ್ಲ ಶಿಲುಬೆ ಕೆಳಗೆ ಹರವಿ ಕೂತ್ಕೊಳ್ಳಿ, ಅವನು ಅಂದ ಮಾತನ್ನೂ ಅಂದ ಹಾಗೇ ಹೇಳಿ, ಕಿವೀಲಿ ಇಟ್ಕೊಂಡು ಒಬ್ರೇ ಹೊರಬೇಡಿ.

ಆ ರಾತ್ರಿ ಅಶ್ಶೂರದ ಪಾಳೆಯದಲ್ಲಿ 1,85,000 ಜನ ಸತ್ರು ಅಂತ ಬೈಬಲ್ ಹೇಳುತ್ತೆ. ಸನ್ಹೇರೀಬ ತನ್ನ ಶಾಸನದಲ್ಲಿ 46 ಕೋಟೆ ಊರು ಹಿಡ್ದೆ, ಹಿಜ್ಕೀಯನ್ನ ಪಂಜರದ ಹಕ್ಕಿ ಥರ ಕೂಡಿ ಹಾಕ್ದೆ ಅಂತ ಜಂಬ ಕೊಚ್ಚಿದ್ದಾನೆ, ಯೆರೂಸಲೇಮ್ ಹಿಡ್ದೆ ಅಂತ ಮಾತ್ರ ಅದ್ರಲ್ಲಿ ಇಲ್ಲ. ನಿಮ್ ಸಾಲ ಒಂದೇ ರಾತ್ರೀಲಿ ಹೋಗುತ್ತೆ ಅಂತ ನಾನು ಹೇಳಲ್ಲ ತಂಗೀ, ಅದು ನಾನು ಕೊಡೋ ಮಾತಲ್ಲ, ಆದ್ರೆ ನಿಮ್ಮನ್ನ ಕೈಬಿಡ್ತಾನೆ ಅಂತ ಹೇಳೋ ಅಧಿಕಾರ ಆ ಬೈಕಿನವನಿಗೂ ಇಲ್ಲ.

ಇನ್ನೊಂದು, ಹಿಜ್ಕೀಯ ಬರೀ ಪ್ರಾರ್ಥನೆ ಮಾಡಿ ಕೂರ್ಲಿಲ್ಲ. ಊರೊಳಗೆ ನೀರು ಬರೋ ಹಾಗೆ ಬಂಡೆ ಕೊರೆಸಿದ್ದ, ಸುಮಾರು 533 ಮೀಟರ್ ಸುರಂಗ, ಇವತ್ತೂ ಜನ ಅದ್ರೊಳಗೆ ನಡೀತಾರೆ. ನಿಮ್ ಸುರಂಗ ಶಿವಮೊಗ್ಗದ ಕೋರ್ಟಲ್ಲಿದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಂತ, ಹೆಂಗಸರಿಗೆ ವಕೀಲರನ್ನ ಪುಕ್ಕಟೆ ಕೊಡ್ತಾರೆ. ಬಲವಂತದ ಸಾಲ ವಸೂಲಿ ತಡೆಯೋಕೆ 2025ರಲ್ಲಿ ನಮ್ ರಾಜ್ಯದಲ್ಲಿ ಕಾನೂನೂ ಬಂದಿದೆ. ಅವ್ರು ಬಂದ ದಿನ, ಹೊತ್ತು, ಅಂದ ಮಾತು ಎಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಕೊಂಡು ಸ್ಟೇಷನ್ನಿಗೆ ಬರವಣಿಗೇಲಿ ದೂರು ಕೊಡಿ, ಸ್ವೀಕೃತಿ ಇಸ್ಕೊಳ್ದೆ ಬರಬೇಡಿ. ಮತ್ತೆ ಅಂಗಳಕ್ಕೆ ಬಂದ್ರೆ ವಾದಕ್ಕೆ ಇಳೀಬೇಡಿ, ಗೋಡೆ ಮೇಲಿದ್ದ ಜನಕ್ಕೂ ರಾಜ ಒಂದು ಮಾತೂ ಆಡಬೇಡಿ ಅಂದಿದ್ದ.

ಒಬ್ರೇ ಹೋಗೋಕೆ ಹೆದರಿಕೆ ಆದ್ರೆ ಚರ್ಚಿನ ಹಿರಿಯರೊಬ್ರನ್ನ ಕರ್ಕೊಂಡು ಹೋಗಿ. ತೋಟಕ್ಕೆ ಈ ಸಲ ಮಳೆ ಹಿಡಿಯೋಕೆ ಮುಂಚೆನೇ ಕೊಳೆಗೆ ಹೊಡೆಯೋ ಬೋರ್ಡೋ ದ್ರಾವಣ ಹೊಡೆಸಿ. ಏನಾಯ್ತು ಅಂತ ಬರೀರಿ, ನಿಮ್ ಕಾಗದಕ್ಕೆ ಕಾಯ್ತಾ ಇರ್ತೀನಿ.